ನಾಣ್ಯದ ಗೂಡಿನಿಂದ ಸ್ಪರ್ಶಫಲಕದವರೆಗೆ: ಕೇಳದೆ ಉಣ್ಣುವ ಪದ್ಧತಿಯ ಇತಿಹಾಸ

ಆಹಾರವನ್ನು ನೀಡುವವನೂ ಸ್ವೀಕರಿಸುವವನೂ ಎದುರುಬದುರಾಗಿ ನಿಲ್ಲುವುದು ಜೈನಾಚಾರದಲ್ಲಿ ಮೊದಲಿನಿಂದ ನಡೆದುಬಂದ ಕ್ರಮ. ಮುನಿಗಳು ಚರ್ಯೆಗೆ ಹೊರಟಾಗ ಶ್ರಾವಕನು ಅವರನ್ನು ಬರಮಾಡಿಕೊಂಡು, ತನ್ನ ಮನ, ವಚನ, ಕಾಯಗಳು ಶುದ್ಧವೆಂದೂ ಆಹಾರ ಜಲಗಳು ಶುದ್ಧವೆಂದೂ ತನ್ನ ಬಾಯಿಂದಲೇ ಹೇಳಬೇಕು. ಈ ಮಾತು ಬರಿಯ ಉಪಚಾರವಲ್ಲ, ಒಂದು ಬಗೆಯ ಹೊಣೆಪತ್ರ. ವಟ್ಟಕೇರಾಚಾರ್ಯರ ಮೂಲಾಚಾರದಲ್ಲಿ ಪಿಂಡಶುದ್ಧಿಗೆಂದೇ ಒಂದು ಅಧಿಕಾರವಿದ್ದು, ಆಹಾರದಲ್ಲಿ ವರ್ಜಿಸಬೇಕಾದ 46 ದೋಷಗಳ ವಿಚಾರ ಅಲ್ಲಿ ಬಂದಿದೆ. ಗೃಹಸ್ಥನಿಗೆ ಅಷ್ಟು ಕಟ್ಟುನಿಟ್ಟು ಇಲ್ಲ. ಆದರೂ ತಾನು ಉಣ್ಣುವುದರಲ್ಲಿ ಏನೇನು ಸೇರಿದೆ ಎಂದು ವಿಚಾರಿಸುವುದು ವ್ರತವುಳ್ಳ ಶ್ರಾವಕನ ಕರ್ತವ್ಯವೇ ಆಗಿದೆ. ಆ ಪ್ರಶ್ನೆಯನ್ನು ಕೇಳಲು ಎದುರಿಗೆ ಮನುಷ್ಯನೇ ಇಲ್ಲದಂತಹ ಉಪಾಹಾರಗೃಹಗಳು ಹೇಗೆ ಬಂದವು ಎಂಬುದು ಇಲ್ಲಿನ ವಿಷಯ.

ನಾಣ್ಯ ಹಾಕಿದರೆ ವಸ್ತು ಕೊಡುವ ಯಂತ್ರದ ಮೂಲ ದೇವಾಲಯದಲ್ಲಿದೆ ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೀರೋ ಎಂಬ ಗಣಿತಜ್ಞನು ಪವಿತ್ರಜಲ ಕೊಡುವ ಪಾತ್ರೆಯೊಂದನ್ನು ವರ್ಣಿಸಿದ್ದಾನೆ. ಭಕ್ತನು ಹಾಕಿದ ನಾಣ್ಯವು ಸನ್ನೆಯ ತುದಿಯ ತಟ್ಟೆಗೆ ಬಿದ್ದು, ಅದರ ಭಾರಕ್ಕೆ ಮುಚ್ಚಳ ತೆರೆದು ನೀರು ಸುರಿಯುತ್ತಿತ್ತು. ನಾಣ್ಯ ಜಾರಿದೊಡನೆ ಮುಚ್ಚಳ ಮುಚ್ಚುತ್ತಿತ್ತು. ಕೊಟ್ಟ ಕಾಸಿಗೆ ಸರಿಯಾದ ತೀರ್ಥ!

ಈ ತತ್ತ್ವವು ಊಟಕ್ಕೆ ಬಂದದ್ದು ಬಹಳ ತಡವಾಗಿ. 1895ರಲ್ಲಿ ಬರ್ಲಿನ್ನಿನಲ್ಲಿ ಸ್ವಯಂಚಾಲಿತ ಉಪಾಹಾರಗೃಹ ತೆರೆಯಿತು. ಅದೇ ಬಗೆಯ ಜರ್ಮನ್ ಯಂತ್ರಗಳನ್ನು ತರಿಸಿಕೊಂಡು ಜೋಸೆಫ್ ಹಾರ್ನ್ ಮತ್ತು ಫ್ರಾಂಕ್ ಹಾರ್ಡರ್ಟ್ ಎಂಬ ಪಾಲುದಾರರು 1902ರ ಜೂನ್ 9ರಂದು ಅಮೆರಿಕದ ಫಿಲಡೆಲ್ಫಿಯದ ಚೆಸ್ಟ್‌ನಟ್ ರಸ್ತೆಯಲ್ಲಿ 'ಆಟೋಮ್ಯಾಟ್' ಆರಂಭಿಸಿದರು. 1912ರಲ್ಲಿ ಅದು ನ್ಯೂಯಾರ್ಕಿಗೆ ಹೋಯಿತು. ಗೋಡೆಯ ತುಂಬ ಗಾಜಿನ ಬಾಗಿಲಿನ ಗೂಡುಗಳು, ಒಂದೊಂದರಲ್ಲಿ ಒಂದೊಂದು ತಿನಿಸು. ನಿಕಲ್ ಎಂದು ಕರೆಯುವ 5 ಸೆಂಟಿನ ನಾಣ್ಯವನ್ನು ಸೀಳಿನಲ್ಲಿ ಹಾಕಿ ಗುಂಡಿಯನ್ನು ತಿರುಗಿಸಿದರೆ ಬಾಗಿಲು ತೆರೆಯುತ್ತಿತ್ತು. ಕಾಫಿಯು ಡಾಲ್ಫಿನ್ ಮುಖದ ನಲ್ಲಿಯಿಂದ ಬಟ್ಟಲಿಗೆ ಬೀಳುತ್ತಿತ್ತು. ನೋಡುವವರಿಗೆ ಎಲ್ಲವೂ ತಾನಾಗಿ ನಡೆದಂತೆ ತೋರಿದರೂ, ಗೋಡೆಯ ಹಿಂದೆ ಕೆಲಸದವರು ಬರಿದಾದ ಗೂಡುಗಳನ್ನು ತುಂಬುತ್ತಲೇ ಇದ್ದರು. ಮುಂದೆ ಗಾಜಿನ ಕಟ್ಟೆಯಲ್ಲಿ ಕುಳಿತ ಹೆಂಗಸರು ನೋಟುಗಳನ್ನು ಎಣಿಸಿ ನಿಕಲ್‌ಗಳನ್ನು ಚೆಲ್ಲುತ್ತಿದ್ದರು. ಯಂತ್ರವು ದುಡಿಮೆಯನ್ನು ಇಲ್ಲವಾಗಿಸಲಿಲ್ಲ, ಕಣ್ಣಿಗೆ ಮರೆಮಾಡಿತು.

ಈ ಪದ್ಧತಿಯ ಗುಣವನ್ನೂ ಹೇಳಬೇಕು. ಅಲ್ಲಿ ಬಡಿಸುವವನಿಗೆ ಭಕ್ಷೀಸು ಕೊಡಬೇಕಾಗಿರಲಿಲ್ಲ. ಒಂದೇ ಮೇಜಿನಲ್ಲಿ ಧನಿಕನೂ ಕೂಲಿಯವನೂ ಕುಳಿತು ಉಣ್ಣುತ್ತಿದ್ದರು. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕಾಸಿಲ್ಲದವರು ಬಿಸಿನೀರಿಗೆ ಮೇಜಿನ ಮೇಲಿನ ಟೊಮೆಟೊ ಸಾಸ್ ಕಲಸಿ ಸಾರು ಮಾಡಿಕೊಂಡು ಕುಡಿದದ್ದುಂಟು. ಉಳಿದ ತಿನಿಸನ್ನು ಮರುದಿನ ಹೊಸದೆಂದು ಮಾರದೆ, ಹಿಂದಿನ ದಿನದ್ದೆಂದು ತಿಳಿಸಿಯೇ ಬೇರೆ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಕೊಡುತ್ತಿದ್ದರು. ವ್ಯಾಪಾರದಲ್ಲಿ ಸತ್ಯಾಣುವ್ರತ ಎನ್ನುವುದು ಇದಕ್ಕಿಂತ ಬೇರೆ ಏನು? ಆ ವ್ಯಾಪಾರ ಕುಸಿದದ್ದಕ್ಕೆ ಒಂದು ಕಾರಣವೂ ಯಂತ್ರದಲ್ಲೇ ಇತ್ತು. ಬೆಲೆಗಳು ಏರಿದಾಗ 5 ಸೆಂಟಿನ ಕಾಫಿಯನ್ನು 6 ಅಥವಾ 7 ಸೆಂಟಿಗೆ ಏರಿಸಲು ಆ ಸೀಳುಗಳು ಬಿಡಲಿಲ್ಲ. 1950ರಲ್ಲಿ ಒಮ್ಮೆಲೇ 10 ಸೆಂಟು ಮಾಡಬೇಕಾಯಿತು, ಗಿರಾಕಿಗಳು ಮುನಿದರು. ನ್ಯೂಯಾರ್ಕಿನ ಕೊನೆಯ ಆಟೋಮ್ಯಾಟ್ 1991ರಲ್ಲಿ ಮುಚ್ಚಿತು.

ಅಷ್ಟರಲ್ಲಿ ಬೇರೊಂದು ಮಾದರಿ ಬೆಳೆದಿತ್ತು. ಕ್ಯಾಲಿಫೋರ್ನಿಯದ ಸ್ಯಾನ್ ಬರ್ನಾರ್ಡಿನೋದಲ್ಲಿ ಮೆಕ್‌ಡೊನಾಲ್ಡ್ ಸಹೋದರರು 1948ರಲ್ಲಿ ಬಡಿಸುವವರನ್ನು ಬಿಟ್ಟು, ತಟ್ಟೆ ಚಮಚಗಳನ್ನು ತೆಗೆದು, ಗಿರಾಕಿಯೇ ಕಿಟಕಿಗೆ ಬಂದು ಪೊಟ್ಟಣ ಒಯ್ಯುವಂತೆ ಮಾಡಿದರು. ಅಡುಗೆಯನ್ನು ಕಾರ್ಖಾನೆಯ ಹಾಗೆ ಹಂಚಿದರು. ಮಾಂಸದ ವ್ಯಾಪಾರವಾದ ಅದರ ವಿಸ್ತಾರ ಇಲ್ಲಿ ಬೇಡ. ಶ್ರಾವಕರು ತಿಳಿಯಬೇಕಾದ ಸಂಗತಿ ಒಂದಿದೆ.

1990ರಲ್ಲಿ ಈ ಕಂಪನಿಯು ಅಮೆರಿಕದಲ್ಲಿ ಆಲೂಗಡ್ಡೆಯ ಕರಿದ ತುಂಡುಗಳಿಗೆ ದನದ ಕೊಬ್ಬನ್ನು ಬಿಟ್ಟು ಸಸ್ಯಜನ್ಯ ಎಣ್ಣೆಯನ್ನೇ ಬಳಸುವುದಾಗಿ ಸಾರಿತು. ಅಲ್ಲಿ ನೆಲಸಿದ್ದ ಹಲವು ಸಸ್ಯಾಹಾರಿಗಳು ಅದನ್ನು ನಂಬಿ ತಿಂದರು. ಕಂದಮೂಲದ ಮಾತು ಹಾಗಿರಲಿ. ಕಾರ್ಖಾನೆಯಲ್ಲಿ ಆ ತುಂಡುಗಳನ್ನು ಅರೆಬೇಯಿಸುವಾಗಲೇ ಗೋಮಾಂಸದ ಸಾರದ ರುಚಿದ್ರವ್ಯ ಸೇರುತ್ತಿತ್ತೆಂಬುದು ಆಮೇಲೆ ಹೊರಬಿತ್ತು. 2001ರಲ್ಲಿ ಸಿಯಾಟಲ್ ನಗರದಲ್ಲಿ ಮೊಕದ್ದಮೆ ಹೂಡಲಾಯಿತು. 2002ರಲ್ಲಿ ಕಂಪನಿಯು ಕ್ಷಮೆ ಕೋರಿ, ಹಿಂದೂ, ಸಸ್ಯಾಹಾರಿ ಮೊದಲಾದ ಸಂಸ್ಥೆಗಳಿಗೆ ಒಟ್ಟು 1 ಕೋಟಿ ಡಾಲರ್ ಕೊಡಲು ಒಪ್ಪಿತು. ಭಾರತದ ಅಂಗಡಿಗಳಲ್ಲಿ ಆ ದ್ರವ್ಯವಿಲ್ಲವೆಂದು ಕಂಪನಿ ಆಗಲೇ ತಿಳಿಸಿತ್ತು. ಕಿಟಕಿಯಲ್ಲಿ ನಿಂತು ಕೊಡುತ್ತಿದ್ದ ಹುಡುಗನನ್ನು ಕೇಳಿದ್ದರೂ ಅವನಿಗೆ ಗೊತ್ತಿರಲಿಲ್ಲ. ಅಡುಗೆಯು ನೂರಾರು ಮೈಲಿ ದೂರದ ಕಾರ್ಖಾನೆಗೆ ಹೋದ ಮೇಲೆ ಉತ್ತರವೂ ಅಲ್ಲಿಗೇ ಹೋಗಿತ್ತು.

ಸ್ಪರ್ಶಫಲಕಗಳು ಬಂದದ್ದು ಇದರ ಮುಂದಿನ ಹೆಜ್ಜೆಯಾಗಿ. 2010ರ ದಶಕದಲ್ಲಿ ಮೊದಲು ಯುರೋಪಿನಲ್ಲಿ, ಬಳಿಕ ಅಮೆರಿಕದಲ್ಲಿ ಅವು ವ್ಯಾಪಕವಾದವು. ಬೇಕಾದುದನ್ನು ಬೆರಳಿನಿಂದ ಆರಿಸಿ ಹಣ ತೆತ್ತರೆ ಸಂಖ್ಯೆಯ ಚೀಟಿ ಬರುತ್ತದೆ, ಅಡುಗೆಮನೆಯ ಪರದೆಗೆ ಆದೇಶ ಹೋಗುತ್ತದೆ. ಫಲಕದೆದುರು ಹೆಚ್ಚು ಹೊತ್ತು ನಿಂತವರು ಹೆಚ್ಚು ಕೊಳ್ಳುತ್ತಾರೆ ಎಂದು ಕಂಪನಿಯ ಆಗಿನ ಮುಖ್ಯಸ್ಥರೇ 2018ರಲ್ಲಿ ಹೇಳಿದ್ದರು. ಮಾರುವ ಹುಡುಗನೂ ಇನ್ನೇನಾದರೂ ಬೇಕೇ ಎಂದು ಕೇಳುತ್ತಿದ್ದನಷ್ಟೆ. ಆದರೆ ಯಂತ್ರವು ಕೇಳಲು ಎಂದೂ ಸಂಕೋಚಪಡುವುದಿಲ್ಲ, ಮರೆಯುವುದೂ ಇಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಗುಣವ್ರತಗಳ ಸಾಲಿನಲ್ಲಿಟ್ಟ ಭೋಗೋಪಭೋಗ ಪರಿಮಾಣಕ್ಕೆ ನೇರ ಎದುರಾಗಿ ನಿಲ್ಲುವಂತಹ ಉಪಕರಣವಿದು. ಮನುಷ್ಯನ ಮಾತನ್ನೇ ಕೇಳಿಸಿಕೊಂಡು ಆದೇಶ ಬರೆದುಕೊಳ್ಳುವ ಯಂತ್ರವನ್ನೂ ಆ ಕಂಪನಿ 2021ರಿಂದ ಪರೀಕ್ಷಿಸಿ, 2024ರಲ್ಲಿ ಆ ಪ್ರಯೋಗವನ್ನು ಕೈಬಿಟ್ಟಿತು.

ಕರ್ನಾಟಕದಲ್ಲಿ ತಾನೇ ಬಡಿಸಿಕೊಳ್ಳುವ ಪದ್ಧತಿ ಬೇರೆ ದಾರಿ ಹಿಡಿಯಿತು. 1983ರಲ್ಲಿ ಬೆಂಗಳೂರಿನ ಜಯನಗರದಲ್ಲಿ ಆರಂಭವಾದ ಕೆಫೆ ದರ್ಶಿನಿಯಿಂದ ಹಬ್ಬಿದ ದರ್ಶಿನಿಗಳಲ್ಲಿಯೂ ಚೀಟಿ ಕೊಂಡು, ನಿಂತು ತಿನ್ನುವುದೇ. ಆದರೆ ಹೆಸರಿಗೆ ತಕ್ಕಂತೆ ಅಡುಗೆಯ ಒಲೆ ಕಣ್ಣೆದುರಿಗೇ ಇರುತ್ತದೆ. ಸಾಂಬಾರಿಗೆ ಈರುಳ್ಳಿ ಬಿದ್ದಿದೆಯೇ ಎಂದು ದೋಸೆ ಹುಯ್ಯುವವನನ್ನೇ ಕೇಳಬಹುದು. 1996ರಲ್ಲಿ ದೆಹಲಿಗೆ ಬಂದ ಮೆಕ್‌ಡೊನಾಲ್ಡ್ ಕೂಡ ಗೋಮಾಂಸವನ್ನು ಬಿಟ್ಟು, ಸಸ್ಯಾಹಾರದ ಅಡುಗೆಯನ್ನು ಬೇರೆಯಾಗಿ ನಡೆಸಬೇಕಾಯಿತು. ಕೇಳುವ ಗಿರಾಕಿಗಳು ಇದ್ದುದರಿಂದಲೇ ಅದು ಸಾಧ್ಯವಾಯಿತು.

ಇಂದು ನಗರಗಳ ಕೆಲವು ಉಪಾಹಾರಗೃಹಗಳ ಪರದೆಯಲ್ಲಿ 'ಜೈನ್' ಎಂಬ ಆಯ್ಕೆಯೂ ಉಂಟು. ಸಂತೋಷವೇ. ಆದರೆ ಆ ಗುಂಡಿಯು ಅಡುಗೆಮನೆಗೆ ಒಂದು ಸಾಲನ್ನು ಕಳುಹಿಸುತ್ತದೆಯೇ ಹೊರತು ಬೇರೆಡೆ ಮೊದಲೇ ಬೆಳ್ಳುಳ್ಳಿ ಹಾಕಿ ಕುದಿಸಿ ತಂದ ಮಸಾಲೆಯಿಂದ ಅದನ್ನು ಹೊರತೆಗೆಯಲಾರದು. ಕರಿಯುವ ಬಾಣಲೆ ಒಂದೇ ಆಗಿದ್ದರೆ ಅದನ್ನೂ ತಿಳಿಸದು. ಹೇಳುವ ಬಾಯಿ ಇಲ್ಲದ ಕಡೆ ಬರೆದ ವಿವರವಾದರೂ ಪೂರ್ಣವಾಗಿರಬೇಕು. ಪೊಟ್ಟಣದ ಮೇಲಿನ ಹಸಿರು ಗುರುತು ಮೊಟ್ಟೆ ಮಾಂಸಗಳಿಲ್ಲವೆನ್ನುತ್ತದೆ, ಕಂದಮೂಲದ ವಿಚಾರ ಅದರ ವ್ಯಾಪ್ತಿಯಲ್ಲಿಲ್ಲ.

ಯಾತ್ರಾಸ್ಥಳಗಳ ಭೋಜನಶಾಲೆಗಳಿಗೆ ಚೀಟಿಯ ಯಂತ್ರ ತರಿಸಲು ಯೋಚಿಸುವ ಟ್ರಸ್ಟುಗಳು ಈ ಇತಿಹಾಸವನ್ನು ಒಮ್ಮೆ ನೋಡಬೇಕು. ಲೆಕ್ಕ ಬರೆಯಲು, ಸಾಲು ಕರಗಿಸಲು ಯಂತ್ರ ಒಳ್ಳೆಯದೇ. ಆದರೆ ಬಾಗಿಲಲ್ಲಿ ನಿಂತು ಅಂದಿನ ಅಡುಗೆಯ ವಿವರ ಹೇಳಬಲ್ಲ ಒಬ್ಬರನ್ನು, ಸಾಧ್ಯವಾದರೆ ಅಡುಗೆ ಮಾಡಿದವರನ್ನೇ, ಉಳಿಸಿಕೊಳ್ಳುವುದು ಲೇಸು. ಯಂತ್ರದ ಗಡಿಯಾರವನ್ನು ಪಂಚಾಂಗಕ್ಕೆ ಹೊಂದಿಸಿ, ಸೂರ್ಯಾಸ್ತಕ್ಕೆ ಸಾಕಷ್ಟು ಮೊದಲೇ ಸಂಜೆಯ ಚೀಟಿ ನಿಲ್ಲುವಂತೆಯೂ ಮಾಡಬಹುದು. ನಮ್ಮ ನಾಡಿನಲ್ಲಿ ಆ ಹೊತ್ತು ಕಾರ್ತಿಕದಲ್ಲಿ ಆರರ ಆಸುಪಾಸಿಗೂ ಆಷಾಢದಲ್ಲಿ ಏಳರ ಸಮೀಪಕ್ಕೂ ಇರುವುದರಿಂದ, ವರ್ಷವಿಡೀ ಒಂದೇ ವೇಳೆಯನ್ನು ಇಡಲಾಗದು.