ತಪ್ಪೇ ನಿಯಮವಾದ ಬಗೆ

ಇಂಗ್ಲಿಷ್ ಪಾಠ ಹೇಳುತ್ತಿದ್ದ ದಿನಗಳಲ್ಲಿ, ‘ಐಲೆಂಡ್’ ಪದವನ್ನು ‘ಎಸ್’ ಅಕ್ಷರವಿಲ್ಲದೆ ಬರೆದ ಹುಡುಗರ ಅಂಕಗಳನ್ನು ನಾನು ನಿರ್ದಾಕ್ಷಿಣ್ಯವಾಗಿ ಕಳೆದಿದ್ದೇನೆ. ಆ ಪದದ ಚರಿತ್ರೆಯನ್ನು ಓದಿದ ಮೇಲೆ ನನ್ನ ಕೆಂಪು ಶಾಯಿಗೆ ನಾನೇ ನಾಚಿದೆ. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ‘ಎಸ್’ ಇರಲೇ ಇಲ್ಲ. ಲ್ಯಾಟಿನ್ನಿನ ‘ಇನ್ಸುಲಾ’ದಿಂದ ಬಂದ ‘ಐಲ್’ ಪದಕ್ಕೆ ಇದು ನಂಟೆಂದು ತಪ್ಪಾಗಿ ಭಾವಿಸಿ, 16ನೆಯ ಶತಮಾನದ ಬರಹಗಾರರು ಆ ಅಕ್ಷರವನ್ನು ಸೇರಿಸಿದರು. ಉಚ್ಚಾರಣೆ ಮಾತ್ರ ಅದನ್ನು ಒಪ್ಪಲಿಲ್ಲ. 1755ರಲ್ಲಿ ಡಾಕ್ಟರ್ ಜಾನ್ಸನ್ನರ ನಿಘಂಟು ಹೊರಬರುವ ವೇಳೆಗೆ ಪಂಡಿತರ ತಪ್ಪೇ ಶುದ್ಧ ರೂಪವಾಗಿತ್ತು. ಅಮೆರಿಕದಲ್ಲಿ ‘ಕಲರ್’ ಪದದ ‘ಯು’ವನ್ನು ಬಿಡಿಸಿ ಗೆದ್ದ ನೋವಾ ವೆಬ್‌ಸ್ಟರ್, 1828ರ ತಮ್ಮ ನಿಘಂಟಿನಲ್ಲಿ ಈ ‘ಎಸ್’ ಇರುವ ರೂಪವನ್ನು ಅಸಂಬದ್ಧವೆಂದು ಹಳಿದರೂ ಅದನ್ನು ಕದಲಿಸಲಾಗಲಿಲ್ಲ. ಬಳಕೆ ಒಪ್ಪಿದ್ದೇ ನಿಯಮವಾಯಿತು. ಅಂಥ ತಪ್ಪು ಕಣ್ಣಿಗೆ ಬಿದ್ದರೆ ಇಂದಿಗೂ ತಿದ್ದುತ್ತೇನೆ. ಆದರೆ ಬರೆದವರನ್ನು ದಡ್ಡರೆನ್ನುವುದಿಲ್ಲ.