ಗೋಡೆಯ ಪರವಾಗಿ ಸಾಕ್ಷಿ ನುಡಿದವರು

ಪಕ್ಕದ ಮನೆಯವನು ಹಿಟ್ಟಿನ ಗಿರಣಿ ಇಟ್ಟಿದ್ದಾನೆ, ಅದು ತಿರುಗಿದಾಗಲೆಲ್ಲ ನನ್ನ ಗೋಡೆ ಅದುರುತ್ತದೆ ಎಂದು ಒಬ್ಬನ ದೂರು. ಹಾಗೇನೂ ಆಗುವುದಿಲ್ಲ ಎಂದು ಗಿರಣಿಯವನ ವಾದ. ಯಾರನ್ನು ನಂಬುವುದು? ಸುಮಾರು ಏಳುನೂರು ವರ್ಷಗಳ ಹಿಂದೆ ಟ್ಯುನಿಸ್ ನಗರದಲ್ಲಿ ರಚನೆಯಾದ ಅರಬಿ ಗ್ರಂಥವೊಂದರಲ್ಲಿ ಇದಕ್ಕೊಂದು ಸರಳ ಪರೀಕ್ಷೆಯಿದೆ. ಕಾಗದದ ಹಾಳೆಯೊಂದರ ನಾಲ್ಕು ಮೂಲೆಗಳಿಗೆ ದಾರ ಕಟ್ಟಿ ದೂರುದಾರನ ಮನೆಯ ಮಾಡಿನಿಂದ ತೂಗುಹಾಕಬೇಕು. ಅದರ ಮೇಲೆ ಒಣಗಿದ ಕೊತ್ತಂಬರಿ ಕಾಳುಗಳನ್ನು ಹಾಕಬೇಕು. ಆಮೇಲೆ ಗಿರಣಿ ತಿರುಗಿಸಲು ಹೇಳಬೇಕು. ಕಾಳುಗಳು ಅಲುಗಿದರೆ ಗಿರಣಿಯನ್ನು ತೆಗೆಸಬೇಕು. ಅಲುಗದಿದ್ದರೆ ದೂರುದಾರ ಸುಮ್ಮನಾಗಬೇಕು.

ಈ ಗ್ರಂಥ ಬರೆದವರು ಇಬ್ನುರ್ರಾಮಿ. ಹೆಸರಿನ ಜೊತೆಗಿದ್ದ 'ಅಲ್ ಬನ್ನಾ' ಎಂಬ ಬಿರುದಿಗೆ ಕಟ್ಟಡ ಕಟ್ಟುವವನು ಎಂದರ್ಥ. ಅವರು ವೃತ್ತಿಯಿಂದ ಮೇಸ್ತ್ರಿ. 14ನೇ ಶತಮಾನದ ಆರಂಭದಲ್ಲಿ, ಟ್ಯುನಿಸ್ ಹಫ್ಸೀ ಅರಸರ ರಾಜಧಾನಿಯಾಗಿದ್ದಾಗ, ಅಲ್ಲಿನ ಖಾಝಿ ಕಟ್ಟಡಗಳ ತಕರಾರು ಬಂದಾಗ ಅವರನ್ನು ಸ್ಥಳಕ್ಕೆ ಕಳುಹಿಸುತ್ತಿದ್ದರು. ಅವರು ಹೋಗಿ ನೋಡಿ ಬಂದು ಸಾಕ್ಷಿ ನುಡಿಯುತ್ತಿದ್ದರು. ಆ ಅನುಭವವನ್ನೂ ಮಾಲಿಕೀ ವಿದ್ವಾಂಸರ ಅಭಿಪ್ರಾಯಗಳನ್ನೂ ಜೊತೆಗಿಟ್ಟು ಅವರು 'ಅಲ್ ಇಅ್‌ಲಾನ್ ಬಿ ಅಹ್ಕಾಮಿಲ್ ಬುನ್ಯಾನ್' ಎಂಬ ಗ್ರಂಥ ರಚಿಸಿದರು. ಕಟ್ಟಡಗಳಿಗೆ ಸಂಬಂಧಿಸಿದ ವಿಧಿಗಳನ್ನು ತಿಳಿಯಪಡಿಸುವುದು ಎಂಬುದು ಅದರ ಅರ್ಥ.

ಖಾಝಿ ಮತ್ತು ಮೇಸ್ತ್ರಿ

ಟ್ಯುನಿಸ್ಸಿನ ಹಳೆಯ ನಗರದಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಒಂದೇ ಗೋಡೆಗೆ ಇಬ್ಬರು ಯಜಮಾನರು. ಒಬ್ಬನ ಚರಂಡಿಯ ನೀರು ಇನ್ನೊಬ್ಬನ ಅಡಿಪಾಯಕ್ಕೆ, ಒಬ್ಬನ ಒಲೆಯ ಹೊಗೆ ಇನ್ನೊಬ್ಬನ ಅಂಗಳಕ್ಕೆ. ಇಂಥಲ್ಲಿ ಯಾರೂ ಯಾರಿಗೂ ಹಾನಿ ಮಾಡಕೂಡದೆಂಬ ಪ್ರವಾದಿವರ್ಯರ(ಸ) ಬೋಧನೆಯೇ ಎಲ್ಲ ತೀರ್ಪುಗಳಿಗೂ ತಳಹದಿಯಾಗಿತ್ತು.

ಆದರೆ ಹಾನಿ ಆಗಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಗೋಡೆಯ ಬಿರುಕು ಬರೀ ಗಾರೆಯದ್ದೋ ಅಥವಾ ಅಡಿಪಾಯದಿಂದಲೇ ಎದ್ದು ಬಂದದ್ದೋ? ಕಿತಾಬು ಓದಿದ ಖಾಝಿಗೆ ಅದು ಗೊತ್ತಾಗುವುದಿಲ್ಲ. ಆದ್ದರಿಂದಲೇ ನ್ಯಾಯಾಲಯಗಳು 'ಅಹ್ಲುಲ್ ಮಅ್‌ರಿಫ', ಅಂದರೆ ಆ ವಿಷಯದಲ್ಲಿ ತಿಳಿವಳಿಕೆ ಉಳ್ಳವರ ಮಾತು ಕೇಳುತ್ತಿದ್ದವು. ಮನೆ ಮಾರಾಟದಲ್ಲಿಯೂ ಹಾಗೆಯೇ. ಮಾಲಿಕೀ ನ್ಯಾಯಶಾಸ್ತ್ರದ ಪ್ರಕಾರ ಖರೀದಿಸಿದ ಮನೆಯಲ್ಲಿ ಕಂಡ ದೋಷ ತೀರಾ ಸಣ್ಣದಾದರೆ ಪರಿಹಾರವಿಲ್ಲ, ಮಧ್ಯಮವಾದರೆ ಬೆಲೆಯಲ್ಲಿ ಕಡಿತ, ಕುಸಿಯುವ ಭಯವಿರುವಷ್ಟು ಗಂಭೀರವಾದರೆ ಮನೆಯನ್ನೇ ಹಿಂದಿರುಗಿಸಬಹುದು. ದೋಷ ಯಾವ ಬಗೆಯದೆಂದು ಹೇಳಬೇಕಾದವನು ಮಾತ್ರ ಮೇಸ್ತ್ರಿ.

1332ರಲ್ಲಿ ಇದೇ ಟ್ಯುನಿಸ್‌ನಲ್ಲಿ ಜನಿಸಿದ ಇಬ್ನು ಖಲ್ದೂನ್ ತಮ್ಮ 'ಮುಖದ್ದಿಮ'ದಲ್ಲಿ ಕಟ್ಟಡ ಕಲೆಗೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ಮಣ್ಣು, ಸುಣ್ಣ ಬೆರೆಸಿ ಗೋಡೆ ಕಟ್ಟುವುದು, ಸುಣ್ಣವನ್ನು ನೀರಿನಲ್ಲಿ ದಿನಗಟ್ಟಲೆ ಹದಗೊಳಿಸುವುದು ಎಲ್ಲವನ್ನೂ ಹೇಳಿ, ಜನದಟ್ಟಣೆಯ ನಗರಗಳಲ್ಲಿ ಆಡಳಿತಗಾರರು ಇಂಥ ವಿವಾದಗಳಲ್ಲಿ ಕಟ್ಟಡ ಬಲ್ಲವರ ಸಲಹೆ ಪಡೆಯುತ್ತಾರೆಂದು ಅವರು ದಾಖಲಿಸುತ್ತಾರೆ. ಗೋಡೆ ನೇರವಾಗಿದೆಯೋ ವಾಲಿದೆಯೋ, ಮರದ ಕಟ್ಟು ಹೇಗಿದೆ, ನೀರು ಎಲ್ಲಿಂದ ಹರಿಯುತ್ತಿದೆ ಎಂಬುದು ಪಳಗಿದ ಕಣ್ಣಿಗೆ ಮಾತ್ರ ಕಾಣುತ್ತದೆ ಎಂಬುದು ಅವರ ಅಭಿಪ್ರಾಯದ ಸಾರ.

ಅದೇ ನಗರ, ಆರುನೂರು ವರ್ಷಗಳ ಬಳಿಕ

1956ರಲ್ಲಿ ಟುನೀಷಿಯಾ ಸ್ವತಂತ್ರವಾದಾಗ ಆ ಹಳೆಯ ನಗರ ಬಡವಾಗುತ್ತಿತ್ತು. ಸ್ಥಿತಿವಂತರು ಹೊಸ ಬಡಾವಣೆಗಳಿಗೆ ಹೋದರು. ನಡುವೆ ಅಂಗಳ, ಅಂಗಳದ ಕೆಳಗೆ ಮಳೆನೀರಿನ ತೊಟ್ಟಿ ಇದ್ದ ದೊಡ್ಡ ಮನೆಗಳು ಕೋಣೆಗೊಂದು ಕುಟುಂಬದ ಬಾಡಿಗೆ ಬಿಡಾರಗಳಾದವು. ಇವುಗಳಿಗೆ ಅಲ್ಲಿ 'ಊಕಾಲ' ಎನ್ನುತ್ತಾರೆ. ನಗರದ ನಡುವೆ ಅಗಲ ರಸ್ತೆಯೊಂದನ್ನು ಸೀಳುವ ಯೋಜನೆಯೂ ಹುಟ್ಟಿತ್ತು.

1967ರಲ್ಲಿ ಟ್ಯುನಿಸ್ ನಗರಸಭೆಯ ಆಶ್ರಯದಲ್ಲಿ ಮದೀನಾ ಸಂರಕ್ಷಣಾ ಸಂಘ ಹುಟ್ಟಿಕೊಂಡಿತು. ವಾಸ್ತುಶಿಲ್ಪಿಗಳು, ಇತಿಹಾಸಕಾರರು, ಸಮಾಜಶಾಸ್ತ್ರಜ್ಞರು ಸೇರಿ ಮನೆಗಳನ್ನು ಪರಿಶೀಲಿಸಿ ನಕ್ಷೆ ಬರೆದರು, ದುರಸ್ತಿಗೆ ಸಲಹೆ ನೀಡತೊಡಗಿದರು. ರಸ್ತೆಯ ಯೋಜನೆ ಕೈಬಿಟ್ಟುಹೋಯಿತು. 1979ರಲ್ಲಿ ಯುನೆಸ್ಕೋ ಆ ನಗರವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹಫ್ಸಿಯಾ ಎಂಬ ಭಾಗದ ಪುನರುಜ್ಜೀವನಕ್ಕೆ 1983 ಮತ್ತು 1995ರಲ್ಲಿ, ಎರಡು ಬಾರಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಸಂದಿತು. ಅಲ್ಲಿ ಮನೆ ಮಾಲಕರಿಗೆ ದುರಸ್ತಿಗಾಗಿ ಸಾಲವನ್ನೂ ಒದಗಿಸಲಾಗಿತ್ತು. ಸಲಹೆ ಎಷ್ಟೇ ಒಳ್ಳೆಯದಿರಲಿ, ಕೈಯಲ್ಲಿ ಕಾಸಿಲ್ಲದವನಿಗೆ ಅದರಿಂದ ಪ್ರಯೋಜನವಿಲ್ಲ ಎಂಬುದನ್ನು ಅವರು ಅರಿತಿದ್ದರು.

ನಮ್ಮ ಮನೆಗಳು

ಇಷ್ಟೆಲ್ಲ ನೆನಪಿಸಿಕೊಳ್ಳಲು ಕಾರಣ ನಮ್ಮ ಕಣ್ಣೆದುರಿಗೇ ಇದೆ. ಕರಾವಳಿಯ ಮುರಕಲ್ಲು, ಸುಣ್ಣದ ಗಾರೆ, ಹೆಂಚಿನ ಮನೆಗಳು ಒಂದೊಂದಾಗಿ ಮಾಯವಾಗುತ್ತಿವೆ. ಗೋಡೆಯಲ್ಲಿ ತೇವ ಕಂಡ ಕೂಡಲೇ ನಾವು ಯಾರನ್ನು ಕರೆಯುತ್ತೇವೆ? ಹೊಸ ಮನೆ ಕಟ್ಟಿಕೊಡುವ ಗುತ್ತಿಗೆದಾರನನ್ನು. ಕೆಡವಿದರೆ ಲಾಭ ಯಾರಿಗೋ ಅವನಿಂದಲೇ ಕೆಡವಬೇಕೇ ಎಂದು ಕೇಳುತ್ತೇವೆ!

ಇನ್ನು ಕೆಲವರು ಪ್ರೀತಿಯಿಂದಲೇ ತಪ್ಪು ಮಾಡುತ್ತಾರೆ. ಸುಣ್ಣದ ಗೋಡೆ ಉಸಿರಾಡುವ ಗೋಡೆ. ಒಳಗೆ ಸೇರಿದ ತೇವ ಅದರ ಮೈಯಿಂದಲೇ ಆರಿಹೋಗುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಉಪ್ಪು ಉಬ್ಬಿ ಗಾರೆ ಉದುರುತ್ತದೆ, ಗೋಡೆಯೊಳಗೆ ಹುದುಗಿದ ತೊಲೆಯ ತುದಿ ಕೊಳೆಯುತ್ತದೆ. ಆಗ ಮನೆ ಹಳತಾಯಿತು ಎಂದು ದೂರುತ್ತೇವೆ. ಅಸಲಿಗೆ ಒಡೆದ ನಾಲ್ಕು ಹೆಂಚು ಬದಲಾಯಿಸಿ, ಗೋಡೆಯ ಬುಡಕ್ಕೆ ಮಳೆನೀರು ನಿಲ್ಲದಂತೆ ನೋಡಿಕೊಂಡಿದ್ದರೆ ಸಾಕಾಗುತ್ತಿತ್ತೋ ಏನೋ.

ಆದ್ದರಿಂದ ಹಾರೆ ಎತ್ತುವ ಮೊದಲು ಹಳೆಯ ಕಟ್ಟಡ ಬಲ್ಲ ಒಬ್ಬ ಇಂಜಿನಿಯರನ್ನೋ, ಸುಣ್ಣದ ಕೆಲಸ ತಿಳಿದ ಹಿರಿಯ ಮೇಸ್ತ್ರಿಯನ್ನೋ ಕರೆದು ತೋರಿಸೋಣ. ಅವರಿಗೆ ಆ ಕೆಲಸದ ಗುತ್ತಿಗೆಯ ಆಸೆ ಇರದಿರಲಿ. ಮಳೆಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ ನೋಡಲಿ. ಬಿರುಕು ಬೆಳೆಯುತ್ತಿದೆಯೋ ನಿಂತಿದೆಯೋ ಎಂದು ಅಳೆಯಲಿ. ಅವರು ಪರಿಶೀಲಿಸಿ, ಇನ್ನು ಉಳಿಯದು ಎಂದರೆ ಕೆಡವುವುದರಲ್ಲಿ ತಪ್ಪಿಲ್ಲ. ಪಾಲುದಾರರು ಹಲವರಿದ್ದಾಗಲಂತೂ ಇಂಥ ನಿಷ್ಪಕ್ಷ ಮಾತು ಮನೆಯನ್ನಷ್ಟೇ ಅಲ್ಲ, ಸಂಬಂಧಗಳನ್ನೂ ಉಳಿಸೀತು.

ಗೋಡೆಗೆ ಬಾಯಿಲ್ಲ. ಅದರ ಪರವಾಗಿ ತಿಳಿದವರೊಬ್ಬರು ಸಾಕ್ಷಿ ನುಡಿಯುವ ಮೊದಲೇ ತೀರ್ಪು ಕೊಡುವುದನ್ನು ಏಳುನೂರು ವರ್ಷಗಳ ಹಿಂದಿನ ಖಾಝಿ ಒಪ್ಪಿರಲಿಲ್ಲ. ನಾವಾದರೂ ಏಕೆ ಒಪ್ಪಬೇಕು?