ಲಂಟಾನ ಕಡ್ಡಿ ಕುರ್ಚಿಯಾದ ಬಗೆ

ಗುಂಡ್ಲುಪೇಟೆಯಿಂದ ಬಂಡೀಪುರದ ಕಡೆಗೆ ಹೋಗುವಾಗ ರಸ್ತೆಯ ಇಕ್ಕೆಲಗಳಲ್ಲಿ ಆಳೆತ್ತರದ ಪೊದೆಗಳನ್ನು ನೀವು ನೋಡಿರಬಹುದು. ಹಳದಿ, ಕೇಸರಿ, ನಸುಗೆಂಪು ಬಣ್ಣಗಳ ಪುಟ್ಟ ಹೂಗೊಂಚಲು, ಉಜ್ಜಿದರೆ ಘಾಟು ಬೀರುವ ಒರಟು ಎಲೆ, ಕಾಂಡದ ಮೇಲೆ ಬಾಗಿದ ಸಣ್ಣ ಮುಳ್ಳು. ಇದೇ ಲಂಟಾನ. ಚದುರಂಗ, ರೋಜಾಗಿಡ ಎಂದೂ ಕರೆಯುವುದುಂಟು. ಕಾಡಿಗೆ ಕಂಟಕವಾದ ಈ ಗಿಡದಿಂದಲೇ ಚಾಮರಾಜನಗರ ಜಿಲ್ಲೆಯಲ್ಲಿ ಕುರ್ಚಿ, ಸೋಫಾ, ಜಗಲಿ ಮತ್ತು ಕೈತೋಟಕ್ಕೆ ಒಪ್ಪುವ ಪೀಠಗಳು ತಯಾರಾಗಿವೆ.

ಲಂಟಾನದ ತವರು ಅಮೆರಿಕದ ಉಷ್ಣವಲಯ. ಹೂವಿನ ಚೆಲುವಿಗೆ ಮಾರುಹೋದ ಯೂರೋಪಿನವರು 17ನೆಯ ಶತಮಾನದಲ್ಲಿ ಅದನ್ನು ತಮ್ಮ ಉದ್ಯಾನಗಳಿಗೆ ಒಯ್ದು ಹಲವು ಮಿಶ್ರತಳಿಗಳನ್ನು ಬೆಳೆಸಿದರು. ಭಾರತಕ್ಕೆ ಅದು 1807ರ ಸುಮಾರಿಗೆ ಕಲ್ಕತ್ತೆಯ ಸಸ್ಯೋದ್ಯಾನದ ಮೂಲಕ ಬಂದಿತು. ಅಲಂಕಾರಕ್ಕೆ ತಂದದ್ದು ಬೇಲಿಗಿಡವಾಯಿತು. ಬೇಲಿಯ ಕಪ್ಪು ಹಣ್ಣುಗಳನ್ನು ತಿಂದ ಪಿಕಳಾರದಂತಹ ಹಕ್ಕಿಗಳು ಬೀಜಗಳನ್ನು ಕಾಡಿಗೆ ಹರಡಿದವು. ಎಲೆಯಲ್ಲಿರುವ ಲಂಟಡೀನ್ ಎಂಬ ವಿಷವಸ್ತು ದನಗಳ ಯಕೃತ್ತಿಗೆ ಹಾನಿಕರವಾದ್ದರಿಂದ ಅವು ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ. 1921ರಲ್ಲಿ ಒಂದು ಬಗೆಯ ನೊಣವನ್ನೂ 1941ರಲ್ಲಿ ಒಂದು ತಿಗಣೆಯನ್ನೂ ಹೊರಗಿನಿಂದ ತಂದು ಜೈವಿಕ ನಿಯಂತ್ರಣಕ್ಕೆ ಯತ್ನಿಸಲಾಯಿತು. ಲಂಟಾನ ಮಣಿಯಲಿಲ್ಲ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದಕ್ಕೆ ತಮ್ಮದೇ ವಿವರಣೆ ಕೊಡುತ್ತಾರೆ. ಹಿಂದೆ ಅವರು ತರಗೆಲೆಗೆ ಕಿರುಬೆಂಕಿ ಇಡುತ್ತಿದ್ದರು. ಅದೇ ‘ತರಗುಬೆಂಕಿ’. ಮರಗಳಿಗೆ ಧಕ್ಕೆಯಾಗದ ಆ ಬೆಂಕಿಯಲ್ಲಿ ಲಂಟಾನದ ಎಳೆಸಸಿಗಳು ಸಾಯುತ್ತಿದ್ದವು. 1974ರಲ್ಲಿ ಅಲ್ಲಿ ವನ್ಯಜೀವಿಧಾಮವಾದ ಮೇಲೆ ಬೆಂಕಿ ನಿಷಿದ್ಧವಾಯಿತು. 1997 ಮತ್ತು 2008ರಲ್ಲಿ ಅದೇ ಕಾಡಿನ ಅವೇ ತಾಣಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು, ಲಂಟಾನವಿರುವ ತಾಣಗಳು ಸುಮಾರು ಇಮ್ಮಡಿಯಾದುದನ್ನು ಕಂಡರು. ಕಾಡು ಹೊತ್ತಿ ಉರಿಯಲು ಈಗ ಒಣ ಲಂಟಾನವೇ ಸೌದೆ. ಆದ್ದರಿಂದ ತರಗುಬೆಂಕಿಯನ್ನು ಇಂದು ಹಾಗೆಯೇ ಮರಳಿ ತರುವುದೂ ಸುಲಭವಲ್ಲ. ಸೋಲಿಗರ ಮಾತನ್ನು ಮೊದಲೇ ಕೇಳಬಹುದಾಗಿತ್ತು ಎಂದು ಅನ್ನಿಸದಿರದು.

ಬೆಂಗಳೂರಿನ ಏಟ್ರೀ ಸಂಸ್ಥೆ 2004ರ ಸುಮಾರಿಗೆ ಮಲೆಮಹದೇಶ್ವರ ಬೆಟ್ಟದಲ್ಲಿ ಲಂಟಾನ ಕರಕುಶಲ ತರಬೇತಿಯನ್ನು ಆರಂಭಿಸಿತು. ಬಿದಿರು, ಬೆತ್ತಗಳ ಬದಲಿಗೆ ಲಂಟಾನ ಬಳಸುವುದು ಉದ್ದೇಶ. ಕೆಲಸದ ಕ್ರಮ ಸರಳ. ಕಡ್ಡಿಗಳನ್ನು ಕತ್ತರಿಸಿ ದೊಡ್ಡ ಡ್ರಮ್ಮಿನಲ್ಲಿ ನೀರು ಹಾಕಿ ಬೇಯಿಸುತ್ತಾರೆ. ಬಿಸಿ ಇರುವಾಗಲೇ ತೊಗಟೆ ಸುಲಿದು, ಬಾಗಿಸಿ, ಮೊಳೆ ಹೊಡೆದು ಕೂಡಿಸುತ್ತಾರೆ. ಕೊನೆಗೆ ವಾರ್ನಿಷ್.

ಬೇಯಿಸುವುದೇಕೆ? ಮರದಲ್ಲಿ ಸೆಲ್ಯುಲೋಸ್ ಎಳೆಗಳನ್ನು ಲಿಗ್ನಿನ್ ಮತ್ತು ಹೆಮಿಸೆಲ್ಯುಲೋಸ್‌ಗಳು ಹಿಡಿದಿಟ್ಟಿರುತ್ತವೆ. ತೇವವಿದ್ದಾಗ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇವು ಮೆದುವಾಗುತ್ತವೆ. ಆಗ ಎಳೆಗಳು ಒಂದರ ಪಕ್ಕ ಒಂದು ಜಾರಬಲ್ಲವು. ತಣಿದು ಒಣಗಿದ ಮೇಲೆ ಹೊಸ ಆಕಾರವೇ ನಿಲ್ಲುತ್ತದೆ. ಆದರೆ ಒಂದು ತೊಡಕಿದೆ. ಮೆದುವಾದ ಮರ ಕುಗ್ಗಲು ಸಾಕಷ್ಟು ಒಪ್ಪುತ್ತದೆ, ಹಿಗ್ಗುವುದು ಮಾತ್ರ ಶೇ. 1–2ರಷ್ಟು. 2 ಸೆಂ.ಮೀ. ದಪ್ಪದ ಕಡ್ಡಿಯನ್ನು 25 ಸೆಂ.ಮೀ. ತ್ರಿಜ್ಯಕ್ಕೆ ಬಾಗಿಸಿದಾಗ ನಡುರೇಖೆ ಹಿಗ್ಗದೆ ಉಳಿದರೆ ಹೊರಮೈ ಶೇ. 4ರಷ್ಟು ಹಿಗ್ಗಬೇಕಾಗುತ್ತದೆ, ಸೀಳುತ್ತದೆ. 1 ಸೆಂ.ಮೀ. ಕಡ್ಡಿಗೆ ಶೇ. 2 ಸಾಕು. ದಪ್ಪ ಕಡ್ಡಿ ಕಾಲಿಗೆ, ತೆಳುಕಡ್ಡಿ ಬಳುಕಿನ ಭಾಗಕ್ಕೆ ಎಂಬುದರ ಹಿಂದಿನ ಲೆಕ್ಕ ಇದು. ವಿದ್ಯಾರ್ಥಿಗಳು ಹಸಿಕಡ್ಡಿಗಳಿಂದ ಇದನ್ನು ಪರೀಕ್ಷಿಸಬಹುದು.

ದಪ್ಪ ಮರವನ್ನೇ ಬಾಗಿಸಬೇಕಾದವರು ಬೇರೆ ಉಪಾಯ ಹುಡುಕಿದರು. ಜರ್ಮನಿಯ ಬೊಪ್ಪಾರ್ಡ್‌ನಲ್ಲಿ ಹುಟ್ಟಿ ವಿಯೆನ್ನಾದಲ್ಲಿ ನೆಲೆಸಿದ ಮೈಕೆಲ್ ಥೋನೆಟ್, ಬೀಚ್ ಮರದ ಹೊರಮೈಗೆ ಉಕ್ಕಿನ ಪಟ್ಟಿ ಬಿಗಿದು ಹಬೆಯಲ್ಲಿ ಮೆದುಗೊಳಿಸಿ ಬಾಗಿಸಿದ. ಪಟ್ಟಿ ಹಿಗ್ಗಗೊಡದ ಕಾರಣ ಮರ ಒಳಮೈಯಲ್ಲಿ ಕುಗ್ಗಲೇಬೇಕು. 1859ರ ಅವನ 14ನೆಯ ಸಂಖ್ಯೆಯ ಕುರ್ಚಿ ಕೋಟಿಗಟ್ಟಲೆ ಮಾರಾಟವಾಯಿತು. ಅದಕ್ಕೆ ಕಾರ್ಖಾನೆ ಬೇಕು. ಬೆಟ್ಟದ ಕುಶಲಕರ್ಮಿಗೆ ಒಂದು ಒಲೆ, ಡ್ರಮ್ಮು, ಸುತ್ತಿಗೆ ಸಾಕು.

ಹಾಗಾದರೆ ಕುರ್ಚಿ ಮಾಡಿ ಲಂಟಾನವನ್ನು ಮುಗಿಸಬಹುದೆ? ಇಲ್ಲ. ಸೋಫಾಗಳಿಗೆ ಬೇಕಾಗುವುದು ನೆಟ್ಟಗಿನ ಆಯ್ದ ಕಡ್ಡಿಗಳು, ಅದೂ ಕೆಲವೇ ಹೊರೆ. ಕಾಡಿನಲ್ಲಿರುವುದು ನೂರಾರು ಚದರ ಕಿ.ಮೀ. ಪೊದೆ. ಜೊತೆಗೆ ಕಡಿದ ಬುಡ ಮತ್ತೆ ಚಿಗುರುತ್ತದೆ. ಬೇರಿನ ಕುತ್ತಿಗೆಯ ಕೆಳಗೆ ಕತ್ತರಿಸಿ ಬುಡವನ್ನು ತಲೆಕೆಳಗು ಮಾಡಿ ಇಡುವ ವಿಧಾನ ಚಿಗುರನ್ನು ತಡೆಯುತ್ತದೆ. ಅಷ್ಟು ಮಾಡಿದರೂ ಮಣ್ಣಿನಲ್ಲಿರುವ ಬೀಜ ಮೊಳೆಯುವುದರಿಂದ ವರ್ಷವರ್ಷವೂ ಸಸಿ ಕೀಳಲೇಬೇಕು. ಕುರ್ಚಿಯ ಲಾಭ ಹೆಚ್ಚಾಗಿ ಸೋಲಿಗರ ಕುಟುಂಬಗಳಿಗೆ. ಕಿರು ಅರಣ್ಯೋತ್ಪನ್ನಗಳ ಮಾರಾಟಕ್ಕೆ 2000ರ ದಶಕದಲ್ಲಿ ತಡೆ ಬಿದ್ದಾಗ ಕೂಲಿ ಅರಸಿ ಹೊರಡುವುದೊಂದೇ ದಾರಿಯಾಗಿದ್ದವರಿಗೆ ಇದು ಊರಲ್ಲೇ ಸಿಕ್ಕ ಕೆಲಸ.

2024ರಲ್ಲಿ ಲಾಲ್‌ಬಾಗಿನಲ್ಲಿ ನಿಂತಿದ್ದ ಆನೆಗಳ ಹಿಂಡನ್ನು ಕೆಲವರು ಕಂಡಿರಬಹುದು. ನೀಲಗಿರಿ ಸೀಮೆಯ ಬುಡಕಟ್ಟು ಕುಶಲಕರ್ಮಿಗಳು ನಿಜಗಾತ್ರದಲ್ಲಿ ಕಟ್ಟಿದ ಆ ಆನೆಗಳ ಮೈಯೆಲ್ಲ ಲಂಟಾನ. ಕಾಡಿನ ಆನೆಯ ಮೇವನ್ನು ಕಸಿದದ್ದೂ ಅದೇ ಕಡ್ಡಿ.